ಐ5-7200ಯು ಅಥವಾ ಐ5-8250ಯು: ಹಳೇ ಲ್ಯಾಪ್‌ಟಾಪ್ ಕೊಳ್ಳುವಾಗ ಯಾವುದು?

ಸೆಕೆಂಡ್ ಹ್ಯಾಂಡ್ ಅಂಗಡಿಯಲ್ಲಿ ಎರಡು ಲ್ಯಾಪ್‌ಟಾಪ್ ಅಕ್ಕಪಕ್ಕ ಇಟ್ಟಿದ್ದಾರೆ ಅಂದುಕೊಳ್ಳಿ. ಎರಡರ ಮೇಲೂ ಇಂಟೆಲ್ ಕೋರ್ ಐ5 ಪ್ರೊಸೆಸರ್ (ಲ್ಯಾಪ್‌ಟಾಪಿನ ಲೆಕ್ಕವೆಲ್ಲ ಮಾಡುವ ಮುಖ್ಯ ಚಿಪ್) ಇದೆ ಅನ್ನುವ ಸ್ಟಿಕ್ಕರ್ ಇದೆ. ಎರಡರಲ್ಲೂ 8 ಜಿಬಿ ರ‍್ಯಾಮ್, 256 ಜಿಬಿ ಎಸ್‌ಎಸ್‌ಡಿ. ‘ದಿಸ್ ಪಿಸಿ’ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ತೆರೆದು ನೋಡುತ್ತೀರಿ. ಒಂದರಲ್ಲಿ ‘ಐ5-7200ಯು, 2.50 ಗಿಗಾಹರ್ಟ್ಸ್’ ಅಂತಿದೆ. ಇನ್ನೊಂದರಲ್ಲಿ ‘ಐ5-8250ಯು, 1.60 ಗಿಗಾಹರ್ಟ್ಸ್’ ಅಂತಿದೆ. ನೋಡಿದವರಿಗೆ ಏನನಿಸುತ್ತದೆ? ಹಳೆಯದೇ ಜಾಸ್ತಿ ವೇಗ, ಬೆಲೆಯೂ ಕಡಿಮೆ, ಅದನ್ನೇ ತಗೊಳ್ಳೋಣ ಅಂತ. ತುಂಬಾ ಜನ ಎಡವುವುದು ಇಲ್ಲೇ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ದುಡ್ಡು ಕೊಟ್ಟು ಕೊಳ್ಳುವುದಾದರೆ 8250ಯು. ಸ್ವಲ್ಪ ಜಾಸ್ತಿ ಬೆಲೆಯಾದರೂ ಅದೇ. ಆದರೆ 7200ಯು ಲ್ಯಾಪ್‌ಟಾಪ್ ಈಗಾಗಲೇ ಮನೆಯಲ್ಲಿದ್ದರೆ ಅದನ್ನು ಮಾರಿ ಇದನ್ನು ತರಲು ಓಡಬೇಡಿ. ಅದಕ್ಕೆ ಬೇರೆ ದಾರಿ ಇದೆ. ಯಾಕೆ ಹೀಗೆ ಅನ್ನುವುದನ್ನು ಬಿಡಿಸಿ ಹೇಳಬೇಕು.

ಆ 1.60 ಅನ್ನುವ ಅಂಕಿ

7200ಯು ಬಂದದ್ದು 2016ರ ಆಗಸ್ಟ್ ಕೊನೆಯಲ್ಲಿ. 8250ಯು ಬಂದದ್ದು 2017ರ ಆಗಸ್ಟ್‌ನಲ್ಲಿ. ನಡುವೆ ಇರುವುದು ಒಂದೇ ಒಂದು ವರ್ಷ. ಒಳಗಿನ ವಿನ್ಯಾಸವೂ ಹೆಚ್ಚುಕಡಿಮೆ ಒಂದೇ. ಇಂಟೆಲ್ ಇಟ್ಟ ಹೆಸರಿನಲ್ಲಿ ಮೊದಲನೆಯದರ ವಿನ್ಯಾಸ ಕೇಬಿ ಲೇಕ್, ಎರಡನೆಯದರದು ಕೇಬಿ ಲೇಕ್ ರಿಫ್ರೆಶ್. ಎರಡೂ 14 ನ್ಯಾನೋಮೀಟರ್ ತಯಾರಿಕೆಯವು, ಎರಡಕ್ಕೂ ನಿಗದಿ ಮಾಡಿದ ವಿದ್ಯುತ್ ಮಿತಿ 15 ವ್ಯಾಟ್. ಹಾಗಾದರೆ ಬದಲಾದದ್ದು ಏನು?

7200ಯುನಲ್ಲಿ ಎರಡು ಕೋರ್ (ಕೆಲಸ ಮಾಡುವ ಘಟಕ), ನಾಲ್ಕು ಥ್ರೆಡ್ (ಒಟ್ಟಿಗೆ ಹಿಡಿಯಬಲ್ಲ ಕೆಲಸದ ಸಾಲು), 3 ಎಂಬಿ ಕ್ಯಾಶ್ (ಚಿಪ್‌ನೊಳಗಿನ ಪುಟ್ಟ ವೇಗದ ಮೆಮೊರಿ). 8250ಯುನಲ್ಲಿ ನಾಲ್ಕು ಕೋರ್, ಎಂಟು ಥ್ರೆಡ್, 6 ಎಂಬಿ ಕ್ಯಾಶ್. ಅಂದರೆ ಎಲ್ಲ ದುಪ್ಪಟ್ಟು, ವಿದ್ಯುತ್ ಮಾತ್ರ ಅಷ್ಟೇ. ಎರಡು ಬರ್ನರ್‌ನ ಒಲೆ ತೆಗೆದು ನಾಲ್ಕು ಬರ್ನರ್‌ನ ಒಲೆ ಇಟ್ಟ ಹಾಗೆ, ಆದರೆ ಸಿಲಿಂಡರ್‌ನಿಂದ ಬರುವ ಗ್ಯಾಸ್ ಮೊದಲಿನಷ್ಟೇ. ನಾಲ್ಕನ್ನೂ ಒಟ್ಟಿಗೆ ಹಚ್ಚಿದರೆ ಉರಿ ಸ್ವಲ್ಪ ಸಣ್ಣದಾಗುತ್ತದೆ. ಪ್ರಾಪರ್ಟೀಸ್‌ನಲ್ಲಿ ಕಾಣುವ 1.60 ಆ ಸಣ್ಣ ಉರಿಯ ಲೆಕ್ಕ. ನಾಲ್ಕೂ ಕೋರ್ ಪೂರ್ತಿ ದುಡಿಯುವಾಗಲೂ ಇಷ್ಟು ವೇಗವಂತೂ ಸಿಗುತ್ತದೆ ಅನ್ನುವ ತಳಮಟ್ಟದ ಅಂಕಿ ಅದು.

ನಿಜವಾಗಿ ಕೆಲಸ ಮಾಡುವಾಗ ಪ್ರೊಸೆಸರ್ ಆ ಅಂಕಿಯಲ್ಲಿ ಕೂರುವುದಿಲ್ಲ. ಒಂದು ಕೋರ್‌ಗೆ ಮಾತ್ರ ಕೆಲಸ ಬಿದ್ದಾಗ 8250ಯು 3.4 ಗಿಗಾಹರ್ಟ್ಸ್‌ವರೆಗೆ ಏರುತ್ತದೆ. 7200ಯು ಏರುವುದು 3.1ರವರೆಗೆ. ಅಂದರೆ ಒಂಟಿ ಕೋರ್ ಲೆಕ್ಕದಲ್ಲೂ ಹೊಸದೇ ಮುಂದೆ, ಹತ್ತಕ್ಕೆ ಹನ್ನೊಂದರಷ್ಟು.

ಎಲ್ಲ ಕೋರ್‌ಗಳಿಗೂ ತುಂಬಾ ಹೊತ್ತು ಕೆಲಸ ಬಿದ್ದರೆ? ವಿಡಿಯೊ ಎಕ್ಸ್‌ಪೋರ್ಟ್ ಮಾಡುತ್ತಿದ್ದೀರಿ ಅನ್ನೋಣ. ಮೊದಲ ಕೆಲವು ಸೆಕೆಂಡು 8250ಯು 15 ವ್ಯಾಟ್ ಮೀರಿ ಎಳೆದುಕೊಂಡು ಜೋರಾಗಿ ಓಡುತ್ತದೆ. ಆಮೇಲೆ ಬಿಸಿಗೆ, ವಿದ್ಯುತ್ ಮಿತಿಗೆ ಬಗ್ಗಿ 2ರಿಂದ 2.5 ಗಿಗಾಹರ್ಟ್ಸ್ ಆಸುಪಾಸಿಗೆ ಇಳಿಯುತ್ತದೆ. 2.3 ಅಂತಲೇ ಇಟ್ಟುಕೊಳ್ಳಿ. ನಾಲ್ಕು ಕೋರ್‌ಗೆ ಒಟ್ಟು 9.2 ಆಯಿತು. 7200ಯು ಎರಡೂ ಕೋರ್‌ಗಳಲ್ಲಿ 3.1 ಹಿಡಿದು ನಿಂತರೂ ಒಟ್ಟು 6.2. ಇದು ಒರಟು ಲೆಕ್ಕವೇ, ಆದರೆ ದಿಕ್ಕು ಸರಿಯಾಗಿದೆ. ತುಂಬಾ ಹೊತ್ತಿನ ಕೆಲಸದಲ್ಲಿ 8250ಯು ಎರಡು ಪಟ್ಟು ಆಗುವುದಿಲ್ಲ, ಒಂದೂವರೆ ಪಟ್ಟು ಅನ್ನಬಹುದು. ಈ ತಲೆಮಾರು ಬಿಡುಗಡೆ ಮಾಡುವಾಗ ಇಂಟೆಲ್ ಹೇಳಿಕೊಂಡದ್ದು ಹಿಂದಿನದಕ್ಕಿಂತ ಶೇ. 40ರವರೆಗೆ ಜಾಸ್ತಿ ಅಂತ. ಪ್ರೊಸೆಸರ್ ಕಂಪನಿಗಳು ವರ್ಷದಿಂದ ವರ್ಷಕ್ಕೆ ಸ್ವಲ್ಪ ಸ್ವಲ್ಪವೇ ಏರಿಸುತ್ತಿದ್ದ ಕಾಲದಲ್ಲಿ ಇದು ದೊಡ್ಡ ಜಿಗಿತ. ಅದೇ ವರ್ಷ ಎದುರಾಳಿ ಕಂಪನಿ ಎಎಂಡಿಯ ರೈಜೆನ್ ಪ್ರೊಸೆಸರ್ ಬಂದು ಪೈಪೋಟಿ ಶುರುವಾಗಿತ್ತು ಅನ್ನುವುದನ್ನೂ ಮರೆಯಬಾರದು.

ನಿತ್ಯದ ಕೆಲಸದಲ್ಲಿ ಎಲ್ಲಿ ಗೊತ್ತಾಗುತ್ತದೆ

ಬರೀ ಒಂದು ವರ್ಡ್ ಫೈಲ್ ತೆರೆದು ಪತ್ರ ಟೈಪ್ ಮಾಡುವುದಾದರೆ ವ್ಯತ್ಯಾಸ ಗೊತ್ತಾಗುವುದೇ ಇಲ್ಲ. ಒಂದೊಂದೇ ಕೆಲಸ ಮಾಡುವವರಿಗೆ ಎರಡೂ ಒಂದೇ. ಪಿಡಿಎಫ್ ಓದುವುದು, ಮೇಲ್ ನೋಡುವುದು, ಸಿನಿಮಾ ನೋಡುವುದು, ಇದಕ್ಕೆಲ್ಲ 7200ಯು ಇವತ್ತಿಗೂ ಸಾಕು.

ಆದರೆ ಇವತ್ತು ಯಾರು ಹಾಗೆ ಕೆಲಸ ಮಾಡುತ್ತಾರೆ ಹೇಳಿ. ಬ್ರೌಸರ್‌ನಲ್ಲಿ ಒಂದು ಡಜನ್ ಟ್ಯಾಬ್ ತೆರೆದಿರುತ್ತದೆ. ಅದರಲ್ಲೊಂದು ವಾಟ್ಸಾಪ್ ವೆಬ್. ಪಕ್ಕದಲ್ಲಿ ಎಕ್ಸೆಲ್. ಅಷ್ಟರಲ್ಲಿ ಮೀಟ್ ಅಥವಾ ಟೀಮ್ಸ್ ಕರೆ ಬರುತ್ತದೆ. ಎರಡು ಕೋರ್‌ಗೆ ಉಸಿರು ಕಟ್ಟುವುದು ಇಲ್ಲಿ. ವಿಡಿಯೊ ಕರೆ ನೋಡಲು ಹಗುರ, ಒಳಗೆ ಭಾರ. ನಿಮ್ಮ ಕ್ಯಾಮೆರಾದ ಚಿತ್ರವನ್ನು ಕುಗ್ಗಿಸಿ ಕಳಿಸಬೇಕು. ಬೇರೆಯವರ ಚಿತ್ರಗಳನ್ನು ಬಿಚ್ಚಿ ತೋರಿಸಬೇಕು. ಹಿನ್ನೆಲೆ ಮಸುಕು ಮಾಡುವ ಆಯ್ಕೆ ಆನ್ ಇದ್ದರೆ ನಿಮ್ಮ ತಲೆ ಎಲ್ಲಿ ಮುಗಿಯಿತು, ಗೋಡೆ ಎಲ್ಲಿ ಶುರುವಾಯಿತು ಅಂತ ಮತ್ತೆ ಮತ್ತೆ ಹುಡುಕುತ್ತಲೇ ಇರಬೇಕು. ಇದರ ಮೇಲೆ ಸ್ಕ್ರೀನ್ ಶೇರ್ ಮಾಡಿದರೆ 7200ಯುನ ಟಾಸ್ಕ್ ಮ್ಯಾನೇಜರ್ ನೂರರ ಹತ್ತಿರ ಹೋಗಿ ನಿಲ್ಲುತ್ತದೆ. ಫ್ಯಾನ್ ಕಿರುಚುತ್ತದೆ, ದನಿ ತುಂಡು ತುಂಡಾಗುತ್ತದೆ. ಎಷ್ಟೋ ಸಲ ನಾವು ನೆಟ್ ಸರಿ ಇಲ್ಲ ಅಂತ ಬಯ್ಯುತ್ತೇವೆ. ತಪ್ಪು ನೆಟ್‌ದಲ್ಲ, ಕೋರ್ ಸಾಲುತ್ತಿಲ್ಲ. ಇಷ್ಟೇ ಕೆಲಸ ಕೊಟ್ಟರೆ 8250ಯುಗೆ ಇನ್ನೂ ಒಂದಿಷ್ಟು ಶಕ್ತಿ ಕೈಯಲ್ಲಿ ಉಳಿದಿರುತ್ತದೆ. ಮಕ್ಕಳ ಆನ್‌ಲೈನ್ ಕ್ಲಾಸ್, ಮನೆಯಿಂದ ಆಫೀಸ್ ಕೆಲಸ ಇರುವವರಿಗೆ ಇದೊಂದೇ ಕಾರಣ ಸಾಕು.

ಇನ್ನೊಂದು ನೀವು ಕರೆಯದೆಯೇ ಬರುವ ಕೆಲಸ. ಲ್ಯಾಪ್‌ಟಾಪ್ ಆನ್ ಮಾಡಿದ ತಕ್ಷಣ ಟಾಸ್ಕ್ ಮ್ಯಾನೇಜರ್ ತೆರೆದು ನೋಡಿ. ‘ಆ್ಯಂಟಿಮಾಲ್‌ವೇರ್ ಸರ್ವಿಸ್ ಎಕ್ಸಿಕ್ಯೂಟಬಲ್’ ಅಂತ ಒಂದು ಸಾಲು, ‘ವಿಂಡೋಸ್ ಮಾಡ್ಯೂಲ್ಸ್ ಇನ್‌ಸ್ಟಾಲರ್ ವರ್ಕರ್’ ಅಂತ ಇನ್ನೊಂದು ಸಾಲು ಆಗಾಗ ಮೇಲಕ್ಕೆ ಬರುತ್ತವೆ. ಮೊದಲನೆಯದು ವೈರಸ್ ಹುಡುಕುವುದು, ಎರಡನೆಯದು ಅಪ್‌ಡೇಟ್ ಹಾಕುವುದು. ಇವುಗಳಲ್ಲಿ ಒಂದು ಎದ್ದು ಕೂತರೆ ಎರಡು ಕೋರ್‌ನ ಲ್ಯಾಪ್‌ಟಾಪ್‌ನಲ್ಲಿ ನಿಮ್ಮ ಪಾಲಿಗೆ ಉಳಿಯುವುದು ಅರ್ಧ. ಮೌಸ್ ಅಲ್ಲಾಡಿಸಿದರೂ ತಡ. ನಾಲ್ಕು ಕೋರ್ ಇದ್ದರೆ ಅದರ ಪಾಡಿಗೆ ಅದು ನಡೆಯುತ್ತದೆ, ನಿಮ್ಮ ಪಾಡಿಗೆ ನೀವು.

ಇಲ್ಲಿ ಒಂದು ಎಚ್ಚರಿಕೆ. ಹಳೇ ಹಾರ್ಡ್ ಡಿಸ್ಕ್, 4 ಜಿಬಿ ರ‍್ಯಾಮ್ ಇರುವ 8250ಯುಗಿಂತ ಎಸ್‌ಎಸ್‌ಡಿ, 16 ಜಿಬಿ ರ‍್ಯಾಮ್ ಇರುವ 7200ಯು ಎಷ್ಟೋ ಪಾಲು ಮೇಲು. ಕ್ಲಿಕ್ ಮಾಡಿ ಕಾಯುವ ಹೊತ್ತು ಬಹುತೇಕ ಡಿಸ್ಕಿನದು. ಹಾಗಂತ ಇದನ್ನು 7200ಯು ಕೊಳ್ಳಲು ಕಾರಣ ಮಾಡಿಕೊಳ್ಳಬೇಡಿ. ಎಸ್‌ಎಸ್‌ಡಿ, ಬ್ಯಾಟರಿ ಇವನ್ನು ನಾಳೆಯೂ ಬದಲಾಯಿಸಬಹುದು, ಹೆಚ್ಚಿನ ಮಾಡೆಲ್‌ಗಳಲ್ಲಿ ರ‍್ಯಾಮ್ ಕೂಡ. ಆದರೆ ಹೆಸರಿನ ಕೊನೆಗೆ ಯು ಇರುವ ಈ ಸರಣಿಯ ಪ್ರೊಸೆಸರ್‌ಗಳನ್ನು ಮದರ್‌ಬೋರ್ಡ್‌ಗೇ ಬೆಸೆದಿರುತ್ತಾರೆ. ಕೊಂಡ ದಿನ ಯಾವುದಿತ್ತೋ ಕೊನೇವರೆಗೂ ಅದೇ.

ವಿಂಡೋಸ್ 11 ಎಳೆದ ಗೆರೆ

ಎರಡು ಕೋರ್‌ನಲ್ಲೇ ಹೊಂದಿಸಿಕೊಂಡು ಹೋಗುತ್ತೇನೆ ಅನ್ನುವವರೂ ಇದನ್ನು ಓದಬೇಕು. ವಿಂಡೋಸ್ 11 ಬಂದದ್ದು 2021ರ ಅಕ್ಟೋಬರ್‌ನಲ್ಲಿ. ಅದಕ್ಕೆ ಯಾವ ಯಾವ ಪ್ರೊಸೆಸರ್ ಆಗುತ್ತದೆ ಅಂತ ಮೈಕ್ರೋಸಾಫ್ಟ್ ಒಂದು ಪಟ್ಟಿ ಮಾಡಿತು. ಇಂಟೆಲ್‌ನ 8ನೇ ತಲೆಮಾರಿನಿಂದ ಮುಂದಿನವು ಆ ಪಟ್ಟಿಯಲ್ಲಿವೆ (8250ಯುನ ಮೊದಲ ಅಂಕಿ 8 ಅದರ ತಲೆಮಾರು, 7200ಯುನ 7 ಅದರದು). 7ನೇ ತಲೆಮಾರಿನದು, ಬೆರಳೆಣಿಕೆಯಷ್ಟು ಬಿಟ್ಟರೆ, ಇಲ್ಲ. ಹೀಗೆ ಗೆರೆ ಸರಿಯಾಗಿ ಈ ಎರಡು ಪ್ರೊಸೆಸರ್‌ಗಳ ನಡುವೆಯೇ ಬಿತ್ತು. 8250ಯು ಒಳಗೆ, 7200ಯು ಹೊರಗೆ.

ವಿಂಡೋಸ್ 11 ಕೇಳುವ ಬೇರೆ ಭದ್ರತಾ ಸೌಲಭ್ಯಗಳಾದ ಟಿಪಿಎಂ 2.0, ಸೆಕ್ಯೂರ್ ಬೂಟ್ 7200ಯು ಲ್ಯಾಪ್‌ಟಾಪ್‌ನಲ್ಲಿ ಇದ್ದರೂ ಪ್ರಯೋಜನ ಇಲ್ಲ. ಪ್ರೊಸೆಸರ್ ಹೆಸರೇ ಪಟ್ಟಿಯಲ್ಲಿಲ್ಲ. ಒಳಗಿನ ವಿನ್ಯಾಸ ಇಷ್ಟು ಹತ್ತಿರ ಇರುವಾಗ ಒಂದನ್ನು ಒಳಗೆ ಬಿಟ್ಟು ಇನ್ನೊಂದನ್ನು ಹೊರಗಿಟ್ಟದ್ದು ನನಗೆ ನ್ಯಾಯ ಅನಿಸುವುದಿಲ್ಲ. ಚೆನ್ನಾಗಿ ಓಡುವ ಲಕ್ಷಾಂತರ ಯಂತ್ರಗಳನ್ನು ಹಳತು ಅಂತ ಮುದ್ರೆ ಒತ್ತಿ ಮೂಲೆಗೆ ತಳ್ಳಿದ ಹಾಗಾಯಿತು. ಆದರೆ ಕೊಳ್ಳುವವರು ಈಗ ಇರುವ ನಿಯಮ ನೋಡಿಯೇ ಕೊಳ್ಳಬೇಕು, ಅಲ್ವಾ?

ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಮನೆ ಬಳಕೆದಾರರು ಹೆಸರು ನೋಂದಾಯಿಸಿಕೊಂಡರೆ ಇನ್ನೊಂದು ವರ್ಷ, ಅಂದರೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ಅಪ್‌ಡೇಟ್ ಕೊಡುವ ವ್ಯವಸ್ಥೆಯನ್ನು ಮೈಕ್ರೋಸಾಫ್ಟ್ ಮಾಡಿತು. ನೆಟ್ ಬ್ಯಾಂಕಿಂಗ್, ಜಿಎಸ್‌ಟಿ ಫೈಲಿಂಗ್ ಮಾಡುವ ಲ್ಯಾಪ್‌ಟಾಪ್‌ಗೆ ಭದ್ರತಾ ಅಪ್‌ಡೇಟ್ ಇಲ್ಲ ಅಂದರೆ ಅದು ಸಣ್ಣ ವಿಷಯ ಅಲ್ಲ.

ಅಂಗಡಿಯವರು ‘ಇದ್ರಲ್ಲೂ ವಿಂಡೋಸ್ 11 ಹಾಕ್ಕೊಡ್ತೀವಿ ಸಾರ್’ ಅನ್ನುತ್ತಾರೆ. ಹಾಕಿಯೂ ಕೊಡುತ್ತಾರೆ, ಓಡುತ್ತದೆ ಕೂಡ. ಪರೀಕ್ಷೆಯನ್ನು ದಾಟಿಸಿ ಇನ್‌ಸ್ಟಾಲ್ ಮಾಡುವ ದಾರಿಗಳಿವೆ. ಆದರೆ ಇಂಥ ಯಂತ್ರಗಳಿಗೆ ಅಪ್‌ಡೇಟ್ ಬರುತ್ತದೆ ಅಂತ ಖಾತ್ರಿ ಇಲ್ಲ ಅಂದಿದೆ ಮೈಕ್ರೋಸಾಫ್ಟ್. ವರ್ಷಕ್ಕೊಮ್ಮೆ ಬರುವ ದೊಡ್ಡ ಆವೃತ್ತಿಯ ಹೊತ್ತಿಗೆ ಮತ್ತೆ ಅದೇ ಕಸರತ್ತು ಮಾಡಬೇಕಾಗುತ್ತದೆ. ನಿಮಗೆ ಇದೆಲ್ಲ ಬಂದರೆ ಸರಿ. ಅಪ್ಪ ಅಮ್ಮನಿಗೆ ಅಥವಾ ಪಿಯುಸಿ ಓದುವ ಮಗಳಿಗೆ ಕೊಡಿಸುವುದಾದರೆ ಬೇಡ. 8250ಯುನಲ್ಲಿ ಈ ತಲೆನೋವೇ ಇಲ್ಲ. ವಿಂಡೋಸ್ 11 ನೇರವಾಗಿ ಕೂರುತ್ತದೆ, ಅಪ್‌ಡೇಟ್ ತಾನಾಗಿ ಬರುತ್ತದೆ.

ವ್ಯತ್ಯಾಸ ಇಲ್ಲದ ಕಡೆ

ಗ್ರಾಫಿಕ್ಸ್ ವಿಷಯದಲ್ಲಿ ಹೆಸರು ಮಾತ್ರ ಬದಲು. 7200ಯುನಲ್ಲಿ ಎಚ್‌ಡಿ 620, 8250ಯುನಲ್ಲಿ ಯುಎಚ್‌ಡಿ 620. ಗೇಮ್ ಆಡುವವರಿಗೆ ಎರಡೂ ಅಷ್ಟಕ್ಕಷ್ಟೇ. ವಿಡಿಯೊ ನೋಡುವುದಕ್ಕೆ ಎರಡೂ ಚೆನ್ನಾಗಿವೆ. ಎಚ್‌ಇವಿಸಿ ಮತ್ತು ವಿಪಿ9 ಮಾದರಿಯ ವಿಡಿಯೊಗಳನ್ನು ಎರಡೂ ಗ್ರಾಫಿಕ್ಸ್ ಭಾಗದಲ್ಲೇ ಬಿಚ್ಚುತ್ತವೆ, ಕೋರ್‌ಗಳಿಗೆ ಹೊರೆ ಬೀಳುವುದಿಲ್ಲ. ಎವಿ1 ಅನ್ನುವ ಹೊಸ ಮಾದರಿಗೆ ಮಾತ್ರ ಎರಡರಲ್ಲೂ ಆ ಸೌಲಭ್ಯ ಇಲ್ಲ. ಇಂಟೆಲ್ ಲ್ಯಾಪ್‌ಟಾಪ್‌ಗಳಿಗೆ ಅದು ಬಂದದ್ದು 11ನೇ ತಲೆಮಾರಿನಲ್ಲಿ. ಯೂಟ್ಯೂಬ್ ನೋಡುವಾಗ ಫ್ಯಾನ್ ಜೋರಾದರೆ ಯೂಟ್ಯೂಬ್‌ನ ಪ್ಲೇಬ್ಯಾಕ್ ಸೆಟ್ಟಿಂಗ್‌ನಲ್ಲಿ ಎವಿ1 ಆಯ್ಕೆ ಏನಿದೆ ನೋಡಿ.

ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ ಅನ್ನುವುದು ಈ ವಯಸ್ಸಿನಲ್ಲಿ ಪ್ರೊಸೆಸರ್ ಮೇಲೆ ನಿಂತಿಲ್ಲ, ಬ್ಯಾಟರಿ ಎಷ್ಟು ಸವೆದಿದೆ ಅನ್ನುವುದರ ಮೇಲೆ ನಿಂತಿದೆ.

ಹೆಸರಿನ ಬಲೆ

ಜಾಹೀರಾತಿನಲ್ಲಿ ‘ಐ7, 16 ಜಿಬಿ’ ಅಂತ ದಪ್ಪ ಅಕ್ಷರದಲ್ಲಿ ಹಾಕಿರುತ್ತಾರೆ. ಯಾವ ಐ7? ಐ7-7500ಯು ಆದರೆ ಅದೂ ಎರಡೇ ಕೋರ್. ಟರ್ಬೊ ವೇಗ, ಅಂದರೆ ಏರಬಲ್ಲ ಗರಿಷ್ಠ ವೇಗ, 3.5 ಗಿಗಾಹರ್ಟ್ಸ್, ಕ್ಯಾಶ್ 4 ಎಂಬಿ. ಅದು 7200ಯುನ ಅಣ್ಣ ಅಷ್ಟೇ. ಹೆಸರಿಗೆ ಐ7, ವಿಂಡೋಸ್ 11 ಪಟ್ಟಿಯಲ್ಲಂತೂ ಇಲ್ಲ. ಐ5-8250ಯು ಅದಕ್ಕಿಂತ ಖಂಡಿತ ಮೇಲು.

ಇದಕ್ಕೆ ತದ್ವಿರುದ್ಧ ಇನ್ನೊಂದು. ‘8ನೇ ತಲೆಮಾರು’ ಅಂತ ಹೇಳಿ ಐ3-8130ಯು ಕೊಡುತ್ತಾರೆ. ಇದೂ ಎರಡೇ ಕೋರ್. ಕೆಲಸದಲ್ಲಿ 7200ಯು ಆಸುಪಾಸಿನದೇ, ಆದರೆ ವಿಂಡೋಸ್ 11 ಅಧಿಕೃತವಾಗಿ ಕೂರುತ್ತದೆ. ಬಜೆಟ್ ತೀರಾ ಕಡಿಮೆ ಇದ್ದು, ಬರೀ ಟೈಪಿಂಗ್, ಬ್ರೌಸಿಂಗ್ ಸಾಕು ಅನ್ನುವವರು 7200ಯು ಕೊಳ್ಳುವ ಬದಲು ಇದನ್ನು ನೋಡಬಹುದು.

ಕಂಪನಿಗಳಿಂದ ಹೊರಬಂದ ಲ್ಯಾಪ್‌ಟಾಪ್‌ಗಳಲ್ಲಿ ಐ5-7300ಯು, ಐ5-8350ಯು ಜಾಸ್ತಿ ಕಾಣುತ್ತವೆ. ಮೊದಲನೆಯದು 7200ಯುನ ಗುಂಪು, ಎರಡನೆಯದು 8250ಯುನ ಗುಂಪು. ವೇಗ ಒಂಚೂರು ಜಾಸ್ತಿ. ಇಲ್ಲಿ ಹೇಳಿದ್ದೆಲ್ಲ ಅವಕ್ಕೂ ಅನ್ವಯಿಸುತ್ತದೆ.

ಗುರುತು ಹಿಡಿಯುವುದು ಸುಲಭ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೀ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್‌ನಲ್ಲಿ ಪರ್ಫಾರ್ಮೆನ್ಸ್ ಭಾಗಕ್ಕೆ ಹೋಗಿ ಸಿಪಿಯು ಮೇಲೆ ಕ್ಲಿಕ್ ಮಾಡಿ. ಕೆಳಗೆ ಕೋರ್ಸ್ 4, ಲಾಜಿಕಲ್ ಪ್ರೊಸೆಸರ್ಸ್ 8 ಅಂತ ಇರಬೇಕು. 2 ಮತ್ತು 4 ಅಂತ ಇದ್ದರೆ ಸ್ಟಿಕ್ಕರ್ ಏನೇ ಹೇಳಲಿ, ಅದು ಎರಡು ಕೋರ್‌ನದು.

ಅಂಗಡಿಯಲ್ಲಿ ನೋಡಬೇಕಾದದ್ದು

ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಾಗಲಿ, ಆನ್‌ಲೈನ್‌ನಲ್ಲಾಗಲಿ ಇವು ಸಿಗುವುದು ಹೆಚ್ಚಾಗಿ ಕಂಪನಿಗಳ ಹಳೇ ಲ್ಯಾಪ್‌ಟಾಪ್ ರೂಪದಲ್ಲಿ. ಲೆನೊವೊ ಥಿಂಕ್‌ಪ್ಯಾಡ್ ಟಿ470 ಮತ್ತು ಟಿ480, ಎಚ್‌ಪಿ ಎಲೈಟ್‌ಬುಕ್ 840 ಜಿ4 ಮತ್ತು ಜಿ5, ಡೆಲ್ ಲ್ಯಾಟಿಟ್ಯೂಡ್ 7480 ಮತ್ತು 7490. ಪ್ರತಿ ಜೋಡಿಯಲ್ಲೂ ಮೊದಲನೆಯದು 7ನೇ ತಲೆಮಾರಿನ ಕಾಲದ್ದು, ಎರಡನೆಯದು 8ನೆಯದರ ಕಾಲದ್ದು. ಆದರೆ ಮಾಡೆಲ್ ಹೆಸರನ್ನೇ ನಂಬಬೇಡಿ. 840 ಜಿ5 ಕೂಡ 7ನೇ ತಲೆಮಾರಿನ ಪ್ರೊಸೆಸರ್ ಹಾಕಿಕೊಂಡು ಬಂದದ್ದಿದೆ. ಪ್ರೊಸೆಸರ್ ಸಂಖ್ಯೆಯನ್ನೇ ನೋಡಿ.

ಇವೆಲ್ಲ ಗಟ್ಟಿ ಮೈಯ ಯಂತ್ರಗಳು, ಕೀಬೋರ್ಡ್ ಚೆನ್ನಾಗಿರುತ್ತದೆ, ಬಿಚ್ಚಿ ರಿಪೇರಿ ಮಾಡಲು ಸುಲಭ. ಅದೇ ಪ್ರೊಸೆಸರ್ ಇರುವ ಅಗ್ಗದ ಪ್ಲಾಸ್ಟಿಕ್ ಮಾಡೆಲ್‌ಗಿಂತ ನಾನು ಇವನ್ನೇ ಆರಿಸುತ್ತೇನೆ. ಟಿ480 ಕೊಳ್ಳುವವರಿಗೆ ಒಂದು ಮಾತು. ಆ ಕಾಲದ ಥಿಂಕ್‌ಪ್ಯಾಡ್‌ಗಳಲ್ಲಿ ಥಂಡರ್‌ಬೋಲ್ಟ್ (ಯುಎಸ್‌ಬಿ-ಸಿ ಪೋರ್ಟ್‌ನಲ್ಲೇ ಬರುವ ವೇಗದ ಸಂಪರ್ಕ) ಫರ್ಮ್‌ವೇರ್, ಅಂದರೆ ಯಂತ್ರದೊಳಗಿನ ಸಾಫ್ಟ್‌ವೇರ್‌ನ ದೋಷದಿಂದ ಯುಎಸ್‌ಬಿ-ಸಿ ಪೋರ್ಟ್ ಕೆಟ್ಟು ಹೋಗುವುದಿತ್ತು. ಲೆನೊವೊ ಅದಕ್ಕೆ ಅಪ್‌ಡೇಟ್ ಕೊಟ್ಟಿದೆ. ಕೊಳ್ಳುವ ಮುಂಚೆ ಎರಡೂ ಯುಎಸ್‌ಬಿ-ಸಿ ಪೋರ್ಟ್‌ಗಳಲ್ಲಿ ಚಾರ್ಜ್ ಆಗುತ್ತದಾ ನೋಡಿ, ಮನೆಗೆ ತಂದ ದಿನವೇ ಆ ಅಪ್‌ಡೇಟ್ ಹಾಕಿ.

ಬ್ಯಾಟರಿ ಪರೀಕ್ಷೆಗೆ ಕಮಾಂಡ್ ಪ್ರಾಂಪ್ಟ್‌ನಲ್ಲಿ ‘powercfg /batteryreport’ ಅಂತ ಟೈಪ್ ಮಾಡಿ. ಒಂದು ಫೈಲ್ ತಯಾರಾಗುತ್ತದೆ. ಅದರಲ್ಲಿ ಡಿಸೈನ್ ಕೆಪಾಸಿಟಿ, ಫುಲ್ ಚಾರ್ಜ್ ಕೆಪಾಸಿಟಿ ಅಂತ ಎರಡು ಅಂಕಿ ಇರುತ್ತವೆ. ಎರಡನೆಯದು ಮೊದಲನೆಯದರ ಅರ್ಧಕ್ಕೆ ಇಳಿದಿದ್ದರೆ ಹೊಸ ಬ್ಯಾಟರಿಯ ದುಡ್ಡನ್ನು ಬೆಲೆಯಲ್ಲಿ ಕಳೆಯಲು ಕೇಳಿ.

ಹತ್ತು ನಿಮಿಷ ಯೂಟ್ಯೂಬ್, ಬ್ರೌಸರ್ ಎಲ್ಲ ಓಡಿಸಿ ಟಾಸ್ಕ್ ಮ್ಯಾನೇಜರ್‌ನಲ್ಲಿ ವೇಗ ಗಮನಿಸಿ. ಕೆಲಸ ಇದ್ದಾಗಲೂ 1 ಗಿಗಾಹರ್ಟ್ಸ್‌ಗಿಂತ ಕೆಳಗೇ ಅಂಟಿಕೊಂಡಿದ್ದರೆ ಏನೋ ಎಡವಟ್ಟಾಗಿದೆ. ಡೆಲ್ ಲ್ಯಾಪ್‌ಟಾಪ್‌ಗಳು ಚಾರ್ಜರ್ ತನ್ನದು ಅಂತ ಗುರುತು ಸಿಗದಿದ್ದರೆ ಪ್ರೊಸೆಸರ್ ವೇಗವನ್ನೇ ತಗ್ಗಿಸುತ್ತವೆ. ಬೇರೆ ಚಾರ್ಜರ್ ಹಾಕಿ ನೋಡಿದರೆ ಗೊತ್ತಾಗುತ್ತದೆ. ಇಷ್ಟು ವರ್ಷದ ಯಂತ್ರದಲ್ಲಿ ಥರ್ಮಲ್ ಪೇಸ್ಟ್ (ಪ್ರೊಸೆಸರ್‌ನ ಬಿಸಿಯನ್ನು ಹೊರಗೆ ದಾಟಿಸುವ ಅಂಟು) ಒಣಗಿರುವುದೂ ಸಾಮಾನ್ಯ. 8250ಯುಗೆ ಇದು ಜಾಸ್ತಿ ಮುಖ್ಯ. ತಂಪು ಸಾಲದಿದ್ದರೆ ನಾಲ್ಕು ಕೋರ್‌ನ ಲಾಭವೇ ಕರಗಿ ಹೋಗುತ್ತದೆ. ಫ್ಯಾನ್ ಶುಚಿ ಮಾಡಿ ಪೇಸ್ಟ್ ಬದಲಾಯಿಸಿ ಕೊಡಿ ಅಂತ ಕೇಳಿ.

ಕೊನೆಗೆ ಬಯೋಸ್ (ವಿಂಡೋಸ್‌ಗೂ ಮುಂಚೆ ಎದ್ದೇಳುವ ಮೂಲ ಸೆಟ್ಟಿಂಗ್) ಪಾಸ್‌ವರ್ಡ್. ಆನ್ ಆಗುವಾಗ ಬಯೋಸ್ ಒಳಗೆ ಹೋಗಿ ನೋಡಿ, ಪಾಸ್‌ವರ್ಡ್ ಕೇಳಿದರೆ ಬಿಟ್ಟುಬಿಡಿ. ಕೆಲವು ಯಂತ್ರಗಳು ಹಳೇ ಕಂಪನಿಯ ನೋಂದಣಿಯಿಂದ ಬಿಡುಗಡೆಯೇ ಆಗಿರುವುದಿಲ್ಲ. ವಿಂಡೋಸ್ ರೀಸೆಟ್ ಮಾಡಿ ವೈಫೈ ಕೊಟ್ಟ ಕೂಡಲೇ ಆ ಕಂಪನಿಯ ಲಾಗಿನ್ ಪುಟ ಬರುತ್ತದೆ. ಆದ್ದರಿಂದ ರೀಸೆಟ್ ಅನ್ನು ಅಂಗಡಿಯಲ್ಲೇ, ನೆಟ್ ಹಾಕಿಸಿಯೇ ಮಾಡಿಸಿ.

ಮನೆಯಲ್ಲಿ 7200ಯು ಇದ್ದರೆ

ಅದನ್ನು ಎಸೆಯಬೇಡಿ. ಇನ್ನೂ ಹಾರ್ಡ್ ಡಿಸ್ಕ್ ಇದ್ದರೆ ಮೊದಲು ಎಸ್‌ಎಸ್‌ಡಿ ಹಾಕಿಸಿ. 4 ಜಿಬಿ ರ‍್ಯಾಮ್ ಇದ್ದರೆ 8ಕ್ಕೆ ಏರಿಸಿ. ರ‍್ಯಾಮ್ ಬೆಲೆ ಏರಿರುವುದರಿಂದ 16ರವರೆಗೆ ಹೋಗುವ ಮುಂಚೆ ಲೆಕ್ಕ ಹಾಕಿ. ಆ ದುಡ್ಡಿಗೆ ಇನ್ನೊಂದಿಷ್ಟು ಸೇರಿಸಿದರೆ 8250ಯು ಲ್ಯಾಪ್‌ಟಾಪೇ ಬರುತ್ತದೆ ಅನ್ನುವ ಹಾಗಿದ್ದರೆ ಅಲ್ಲಿಗೆ ನಿಲ್ಲಿಸಿ.

ವಿಂಡೋಸ್ ಬೇಕೇ ಬೇಕು ಅನ್ನುವ ಕೆಲಸ ಇಲ್ಲದಿದ್ದರೆ ಅದರ ಬದಲಿಗೆ ಲಿನಕ್ಸ್ ಮಿಂಟ್ ಅನ್ನುವ ಉಚಿತ ಆಪರೇಟಿಂಗ್ ಸಿಸ್ಟಂ ಹಾಕಿ. ಮಿಂಟ್ 22ಕ್ಕೆ 2029ರವರೆಗೆ ಅಪ್‌ಡೇಟ್ ಇದೆ. ಎಕ್ಸ್‌ಎಫ್‌ಸಿಇ ಆವೃತ್ತಿ ಇನ್ನೂ ಹಗುರ. ಹಿನ್ನೆಲೆಯಲ್ಲಿ ಎದ್ದು ಕೂರುವ ಕೆಲಸ ಅಲ್ಲಿ ತುಂಬಾ ಕಡಿಮೆ, ಎರಡು ಕೋರ್ ಇದ್ದರೂ ಹಾಯಾಗಿ ನಡೆಯುತ್ತದೆ. ಬ್ರೌಸರ್, ಲಿಬ್ರೆಆಫೀಸ್, ವಿಡಿಯೊ, ಮೀಟ್ ಎಲ್ಲ ಸಿಗುತ್ತದೆ. ಟ್ಯಾಲಿ ಬಳಸುವವರು, ಡಿಜಿಟಲ್ ಸಹಿಯ ಟೋಕನ್ ಹಾಕಿ ಸರ್ಕಾರಿ ಪೋರ್ಟಲ್‌ಗಳಲ್ಲಿ ಕೆಲಸ ಮಾಡುವವರು ವಿಂಡೋಸ್‌ನಲ್ಲೇ ಇರುವುದು ವಾಸಿ. ಅವರಿಗೆ 8250ಯುಗೆ ಹೋಗಲು ನಿಜವಾದ ಕಾರಣ ಇದೆ.

ಕನ್ನಡ ಟೈಪಿಂಗ್ ಬಗ್ಗೆ ಹೆದರಬೇಕಿಲ್ಲ. ಮಿಂಟ್‌ನ ಕೀಬೋರ್ಡ್ ಸೆಟ್ಟಿಂಗ್‌ನಲ್ಲಿ ಲೇಔಟ್ ಸೇರಿಸುವಾಗ ‘ಕನ್ನಡ’ ಅಂತ ಹುಡುಕಿದರೆ ಕಗಪ ವಿನ್ಯಾಸವೂ ಇದೆ, ಇನ್‌ಸ್ಕ್ರಿಪ್ಟೂ ಇದೆ. ನುಡಿಯಲ್ಲಿ ಕಗಪ ಕಲಿತ ಬೆರಳಿಗೆ ಒಂದೆರಡು ದಿನದಲ್ಲಿ ಒಗ್ಗುತ್ತದೆ. ಯೂನಿಕೋಡ್ ಬರುವ ಮುಂಚಿನ ನುಡಿ ಫಾಂಟ್‌ಗಳಲ್ಲಿ ಮಾಡಿದ ಹಳೇ ಕಡತಗಳಿದ್ದರೆ, ವಿಂಡೋಸ್ ತೆಗೆಯುವ ಮುಂಚೆಯೇ ಅವನ್ನು ಯೂನಿಕೋಡ್‌ಗೆ ಬದಲಾಯಿಸಿ ಪೆನ್‌ಡ್ರೈವ್‌ಗೆ ಹಾಕಿಟ್ಟುಕೊಳ್ಳಿ.